ಕೆಂಪು ಬಾಣ, ಅಕ್ಕನ ಹಿಮ್ಮಡಿ

ಬಾವಿಯ ನೀರು ಅಳೆಯುವ ಕೆಲಸಕ್ಕೆ ಏನೇನು ಬೇಕು ಎಂದು ಹೊಸದಾಗಿ ಸೇರಿದವರು ಕೇಳುತ್ತಾರೆ. ಉಕ್ಕಿನ ಟೇಪು, ಸೀಮೆಸುಣ್ಣ, ಒಂದು ರಿಜಿಸ್ಟರು, ಸೈಕಲ್ಲು, ನಾಯಿ ಅಟ್ಟಿಸಿಕೊಂಡು ಬಂದರೆ ಪೆಡಲಿನಿಂದ ಎರಡೂ ಕಾಲು ಎತ್ತಿಕೊಳ್ಳುವ ಅಭ್ಯಾಸ. ಇಷ್ಟೇ. ನನ್ನ ಹತ್ತಿರ ಇವೆಲ್ಲ ಇದ್ದವು. ಇದ್ದೂ ನನ್ನ ಸ್ವಂತ ಅಕ್ಕನ ಹೊಲ ಕೆಡಿಸಿದೆ. ಅದನ್ನು ಹೇಳಬೇಕೆಂದೇ ಈ ಬರಹಕ್ಕೆ ಕೂತಿದ್ದೇನೆ. ಆದರೆ ಅಲ್ಲಿಗೆ ಹೋಗುವ ಮುಂಚೆ ಕೆಲಸ ಹೇಗಿತ್ತು ಅನ್ನುವುದು ತಿಳಿಯಬೇಕು, ಇಲ್ಲದಿದ್ದರೆ ತಪ್ಪು ಎಲ್ಲಿ ಆಯಿತು ಅನ್ನುವುದೇ ತಿಳಿಯುವುದಿಲ್ಲ.

ನಾನು ಓದಿದ್ದು ಏಳನೇ ತರಗತಿ. ನಲವತ್ತರ ಹತ್ತಿರ ಬರುವವರೆಗೂ ಬಾವಿ ತೋಡುತ್ತಿದ್ದೆ. ಬೋರ್‌ವೆಲ್ ಲಾರಿಗಳು ಬಂದವು. ನಾವು ಒಂದು ಬೇಸಿಗೆಯಿಡೀ ತೋಡುವಷ್ಟನ್ನು ಅವು ಮಧ್ಯಾಹ್ನದ ಊಟದೊಳಗೆ ಕೊರೆದು, ಊರಿನ ಮೇಲೆಲ್ಲ ಬಿಳಿ ಪುಡಿ ಎರಚಿ ಹೊರಟುಹೋಗುತ್ತಿದ್ದವು. ನನ್ನ ಹಾರೆ ಮೂಲೆ ಸೇರಿತು. ತೊಂಬತ್ತರ ಮೊದಲ ವರ್ಷಗಳಲ್ಲಿ ಅಂತರ್ಜಲದ ಆಫೀಸಿನವರು ನನ್ನನ್ನು ದಿನಗೂಲಿಗೆ ತೆಗೆದುಕೊಂಡರು. ನಂಜನಗೂಡು, ತಿ. ನರಸೀಪುರ ಎರಡು ತಾಲ್ಲೂಕಿನಲ್ಲಿ ಅವರು ಆರಿಸಿಟ್ಟ ಬಾವಿಗಳಿಗೆ ತಿಂಗಳಿಗೊಮ್ಮೆ ಹೋಗಿ ನೀರು ಎಷ್ಟು ಕೆಳಗಿದೆ ಎಂದು ಬರೆದು ತರುವುದು ಕೆಲಸ. ಮೊದಲು ಬಾವಿಯ ಒಳಗಿರುತ್ತಿದ್ದೆ, ಈಗ ಬಾವಿಯ ಮೇಲೆ ನಿಂತೆ. ನನ್ನ ಬಡ್ತಿಯ ವಿಷಯ ಇಲ್ಲಿಗೆ ಮುಗಿಯಿತು.

ಅಳೆಯುವ ಕ್ರಮ ಸುಲಭ. ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಬಿಡಬೇಕು. ನೀರು ಮುಟ್ಟಿದ ಕಡೆ ಸುಣ್ಣ ನೆನೆದು ಕಪ್ಪಾಗುತ್ತದೆ. ಎಷ್ಟು ಬಿಟ್ಟೆವು ಅನ್ನುವುದರಲ್ಲಿ ಎಷ್ಟು ನೆನೆಯಿತು ಅನ್ನುವುದನ್ನು ಕಳೆದರೆ ನೀರಿನ ಆಳ. ಎಲ್ಲಿಂದ ಅಳೆಯಬೇಕು ಅನ್ನುವುದಕ್ಕೆ ಪ್ರತಿ ಬಾವಿಯ ಕಟ್ಟೆಯ ಮೇಲೂ ಕೆಂಪು ಬಣ್ಣದ ಒಂದು ಬಾಣ ಇರುತ್ತದೆ. ಕಟ್ಟೆ ನೆಲಕ್ಕಿಂತ ಎತ್ತರ ಇರುತ್ತದಲ್ಲ, ಆ ಎತ್ತರವನ್ನು ಕೊನೆಗೆ ಕಳೆಯಬೇಕು. ಆಗ ನೆಲದಿಂದ ನೀರು ಎಷ್ಟು ಕೆಳಗಿದೆ ಅನ್ನುವುದು ಬರುತ್ತದೆ. ಕಟ್ಟೆ ಎತ್ತರಕ್ಕೆ ರಿಜಿಸ್ಟರಿನಲ್ಲಿ ಒಂದು ಬೇರೆ ಕಾಲಂ. ಕಟ್ಟೆ ಏನು ಬೆಳೆಯುತ್ತದೆಯೇ? ಹಾಗಾಗಿ ಆ ಕಾಲಮನ್ನು ಒಂದು ಸಲ ತುಂಬಿದರೆ ಆಮೇಲೆ ತಿಂಗಳು ತಿಂಗಳೂ ಮೇಲಿನದನ್ನೇ ಕೆಳಕ್ಕೆ ಇಳಿಸುತ್ತಿದ್ದೆವು. ಆ ಕಾಲಮನ್ನು ನೆನಪಿನಲ್ಲಿಡಿ.

ನಮಗೆ ಪಾಠ ಹೇಳಿದವರು ಆಗಿನ ನಮ್ಮ ಸಾಹೇಬರು. ಭೂವಿಜ್ಞಾನ ಓದಿದವರು, ದಪ್ಪ ಮೀಸೆ, ಹೊಟ್ಟೆ ಹಸಿವು ತಡೆಯದವರು. ನಂಜನಗೂಡಿನ ಒಂದು ಹೋಟೆಲಿನಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಸಾಂಬಾರಿನಲ್ಲಿ ಮುಳುಗಿದ ಇಡ್ಲಿಗೆ ಬೆರಳು ಚುಚ್ಚಿದರು.

"ಸಿದ್ದಯ್ಯ, ಭೂಮಿ ಅಂದ್ರೆ ಇಡ್ಲಿ ಕಣಯ್ಯ. ಈ ತೂತೇ ಬಾವಿ. ನೋಡು, ತೂತಲ್ಲಿ ಸಾಂಬಾರು ಬಂತು. ನಾನು ಹುಯ್ದೆನಾ?"

"ಇಲ್ಲಾ ಸಾ."

"ಮತ್ತೆಲ್ಲಿಂದ ಬಂತು? ಸುತ್ತ ಇರೋ ಇಡ್ಲಿಯಿಂದ ಬಂತು. ಬಾವಿ ನೀರು ಬಾವೀದಲ್ಲ, ಊರಿಗೆಲ್ಲ ಸೇರಿದ್ದು. ಈಗ ತಟ್ಟೆ ಓರೆ ಮಾಡ್ತೀನಿ. ಮೇಲ್ಗಡೆ ಒಣಗ್ತಲ್ಲ, ಅದು ಕವಲಂದೆ ಕಡೆ. ಕೆಳಗಡೆ ಮೆತ್ತಗಾಗಿ ಒಡೀತಾ ಇದೆಯಲ್ಲ, ಇದು ನಾಲೆ ಕೆಳಗಿನ ಗದ್ದೆ, ಹದಿನಾರು ಅಂತ ಊರಿದೆಯಲ್ಲ, ಆ ಕಡೆ. ನೀರು ಇಲ್ದಿದ್ರೂ ಭೂಮಿ ಕೆಡ್ತದೆ, ಹೆಚ್ಚಾದ್ರೂ ಕೆಡ್ತದೆ."

ಸಪ್ಲೈಯರು ಹತ್ತಿರ ಬಂದು, "ಸಾರ್, ಕೈ ಹಾಕ್ಬೇಡಿ, ಸ್ಪೂನ್ ತಂದ್‌ಕೊಡ್ತೀನಿ" ಎಂದ. ಅವತ್ತಿನಿಂದ ಅವರು ನಮ್ಮ ಬಾಯಲ್ಲಿ ಇಡ್ಲಿ ಸಾಹೇಬರು. ಆದರೆ ಆಮೇಲೆ ನಾನು ಕೇಳಿದ ಯಾವ ಪಾಠವೂ ಆ ಇಡ್ಲಿಯಷ್ಟು ಗಟ್ಟಿಯಾಗಿ ತಲೆಯಲ್ಲಿ ನಿಲ್ಲಲಿಲ್ಲ.

ಕವಲಂದೆ ಕಡೆಯ ಬಾವಿಗಳು ಪ್ರತಿ ಬೇಸಿಗೆಯೂ ಇಳಿಯುತ್ತಿದ್ದವು. ಅಲ್ಲಿ ಕೆಂಪಮ್ಮ ಎಂಬ ಮುದುಕಿಯ ಬಾವಿ ನಮ್ಮ ಪಟ್ಟಿಯಲ್ಲಿತ್ತು. ನಾನು ಟೇಪು ಬಿಚ್ಚುತ್ತಿದ್ದ ಹಾಗೇ ಆಕೆ ಒಂದು ದಿನ ಕಟ್ಟೆಗೆ ಅಡ್ಡ ನಿಂತಳು.

"ಬಿಡಬ್ಯಾಡ ಕಣಪ್ಪ ನಿನ್ನ ಅಗ್ಗಾವ. ನೀನು ಅಳೆದ ಮ್ಯಾಲೇ ನೀರು ಕಮ್ಮಿ ಆಯ್ತಾ ಇರೋದು."

"ಅಳೆದ್ರೆ ಎಂಗಮ್ಮ ಕಮ್ಮಿ ಆಯ್ತದೆ?"

"ಕಣದಾಗೆ ರಾಗಿ ಅಳೆಯೋವಾಗ ಮೊದಲ್ನೇ ಸೇರ್‌ಗೆ ಒಂದು ಅಂತೀವಾ? ಲಾಭ ಅಂತೀವಿ. ನೀನು ಬತ್ತಾಲೇ ಒಂದು, ಎರಡು ಅಂತ ಬಿಟ್ರೆ ನೀರು ನಿನ್ ಮಕ ನೋಡ್ಕಂಡು ನಿಂತಿರ್ತದಾ?"

ಮಾತಿನಲ್ಲಿ ನ್ಯಾಯ ಇತ್ತು. "ಲಾಭ" ಅಂದು ಟೇಪು ಇಳಿಬಿಟ್ಟೆ. ಮುಂದಿನ ತಿಂಗಳು ನೀರು ಇನ್ನೂ ಒಂದು ಮೊಳ ಇಳಿದಿತ್ತು. "ಈಗೇನಂತೀಯವ್ವ?" ಎಂದೆ. ಮುದುಕಿ ಕಣ್ಣು ಮಿಟುಕಿಸದೆ, "ಲಾಭ ಅಂದಿದ್ಕೆ ಇಷ್ಟಾದ್ರೂ ಉಳೀತು" ಎಂದಳು. ಆಮೇಲೆ ಕೆಲಸ ಬಿಡುವವರೆಗೂ ಪ್ರತಿ ಬಾವಿಗೂ "ಲಾಭ" ಅಂದೇ ಟೇಪು ಬಿಟ್ಟೆ. ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹೆಮ್ಮರಗಾಲದ ಹತ್ತಿರ ಇನ್ನೊಂದು ಫಜೀತಿ. ಬಾವಿ ಗೋಡೆಯ ಗೂಡಿನಿಂದ ಪಾರಿವಾಳ ಪಟಪಟ ಎದ್ದು ಮುಖಕ್ಕೆ ಹೊಡೆದು, ಟೇಪು ಕೈಜಾರಿ ಬಾವಿಗೆ ಬಿತ್ತು. ಟೇಪು ಸರ್ಕಾರದ್ದು. ಹಳೇ ಬಾವಿ ತೋಡುವವನಲ್ಲವೇ, ಚಪ್ಪಲಿ, ಅಂಗಿ, ರಿಜಿಸ್ಟರು ಕಟ್ಟೆಯ ಮೇಲಿಟ್ಟು ಒಳಗಿಳಿದೆ. ಮೇಲೆ ಯಾರೋ ಹೆಂಗಸು ಆ ಚಪ್ಪಲಿ, ಅಂಗಿ ನೋಡಿದಳು. ನಾನು ಎದೆಮಟ್ಟ ನೀರಿನಲ್ಲಿ ಕಾಲಿನಿಂದ ಟೇಪು ಹುಡುಕುತ್ತಿರುವಾಗ ಅರ್ಧ ಊರು ಬಾವಿಯೊಳಗೆ ತಲೆ ಹಾಕಿತ್ತು. ಹಗ್ಗ ಬಿಟ್ಟು ಎಳೆದು, ಬಾಯಿಗೆ ಬೆಲ್ಲದ ನೀರು ಹುಯ್ದರು. ಒಬ್ಬ ಯಜಮಾನರು ಬೆನ್ನು ಸವರುತ್ತ, "ಮನೇಲಿ ಏನಾರ ಜಗಳವೇನ್ಲಾ ಮಗಾ?" ಎಂದರು.

"ಇಲ್ಲಾ ಯಜಮಾನ್ರೇ, ಟೇಪು ಬಿದ್ದೋಗಿತ್ತು."

"ಥೂ ನಿನ್ನ! ಒಂದು ಟೇಪಿಗೆ ಸಾಯ್ತೀಯೇನ್ಲಾ?"

ಇನ್ನು ಹದಿನಾರು ಕಡೆಗೆ ಬರುತ್ತೇನೆ. ಅಲ್ಲಿ ಕಾಲುವೆ ಬಂದ ಮೇಲೆ ನೆಲ ಕುಡಿದು ಕುಡಿದು ಸಾಕಾಗಿ, ನೀರು ಕೆಳಗಿನಿಂದ ಮೇಲೆ ಬರುತ್ತಿತ್ತು. ಬಾವಿಯ ಕಟ್ಟೆಗೆ ಬಗ್ಗಿ ಬಿಂದಿಗೆಯಲ್ಲೇ ಮೊಗೆಯಬಹುದಾದ ಜಾಗಗಳೂ ಇದ್ದವು. ನೋಡುವವರಿಗೆ ಸಂತೋಷ, ಬೇಸಾಯಗಾರನಿಗೆ ಅಲ್ಲ. ನೀರು ಬೇರಿನ ಹತ್ತಿರ ಬಂದರೆ ಬೇರಿಗೆ ಉಸಿರು ಕಟ್ಟುತ್ತದೆ. ನೆಲದೊಳಗಿನ ಉಪ್ಪು ಮೇಲಕ್ಕೆದ್ದು, ನೀರು ಆರಿದ ಕಡೆ ಅಕ್ಕಿ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಚೌಳು ಕೂರುತ್ತದೆ. ನೀರು ನೆಲದಿಂದ ಎರಡು ಮೀಟರಿನೊಳಗೆ ಬಂದರೆ ಆ ಜಮೀನು ಜವುಗು ಎಂದು ಆಫೀಸಿನ ಲೆಕ್ಕ. ಅಂಥ ಕಡೆ ನೀರು ಬಸಿದುಹೋಗಲು ಬಸಿಗಾಲುವೆ ತೋಡಿಸುತ್ತಿದ್ದರು. ಎಲ್ಲಿಂದ ಎಲ್ಲಿಗೆ ತೋಡುವುದು ಅನ್ನುವುದು ನಮ್ಮ ರಿಜಿಸ್ಟರಿನ ಮೇಲೆ ನಿಂತಿತ್ತು.

ಆ ಕಡೆಯ ಒಂದು ಬಾವಿ ನನ್ನ ಅಕ್ಕ ಪುಟ್ಟತಾಯಮ್ಮನದು. ಭಾವ ತೀರಿಕೊಂಡ ಮೇಲೆ ಒಂದೂವರೆ ಎಕರೆಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಆ ಬಾವಿಯನ್ನು ತೋಡಿದವನೇ ನಾನು. ತೋಡುವಾಗ ಮೇಲೆ ನಿಂತು ಹಗ್ಗ ಹಿಡಿದವಳು ಅವಳು. ಮಣ್ಣಿನ ಮಂಕರಿ ತುಂಬಿ ಮೇಲಕ್ಕೆ ಹೋಗುವಾಗ ನನ್ನ ತಲೆ ಅದರ ಕೆಳಗೇ ಇರುತ್ತಿತ್ತು. ಒಂದು ದಿನವೂ ಅವಳ ಕೈ ಸಡಿಲವಾಗಲಿಲ್ಲ. ನಾನು ಅವಳ ಹಗ್ಗ ನಂಬಿದ್ದೆ. ಅವಳು ನನ್ನ ಟೇಪು ನಂಬಿದಳು.

ಪ್ರತಿ ತಿಂಗಳೂ ಅಳೆದ ಮೇಲೆ, "ಎಷ್ಟದ್ಲಾ ಸಿದ್ದ?" ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಆಮೇಲೆ ರೊಟ್ಟಿ.

ಒಂದು ಬೇಸಿಗೆಯಲ್ಲಿ ಅವಳ ಮೇಕೆ ಬಾವಿಗೆ ಹಾರಿತು. ನಾನೇ ಇಳಿದು ಹೆಗಲ ಮೇಲೆ ಹೊತ್ತು ತಂದೆ. ಅದು ದಾರಿಯುದ್ದಕ್ಕೂ ನನ್ನ ಕಿವಿ ತಿನ್ನಲು ನೋಡಿತು. "ಕಟ್ಟೆ ಗಿಡ್ಡ ಆಯ್ತು ಕಣಕ್ಕ, ಎತ್ತರಿಸಣ" ಎಂದು ಒಂದು ಭಾನುವಾರ ಕೂತು ಎರಡು ವರಸೆ ಕಲ್ಲು ಕಟ್ಟಿ, ಮೇಲೆ ಗಾರೆ ಬಳಿದೆ. ಎರಡು ಅಡಿ ಎತ್ತರಿಸಿದೆ. ಎಷ್ಟು ಚೆನ್ನಾಗಿ ಕಟ್ಟಿದೆ ಎಂದರೆ ನನಗೇ ಹೆಮ್ಮೆಯಾಗಿ, ಗಾರೆ ಆರಿದ ಮೇಲೆ ಅದರ ನೆತ್ತಿಯ ಮೇಲೆ ಹೊಸ ಕೆಂಪು ಬಾಣ ಬರೆದೆ. ಮುಂದಿನ ತಿಂಗಳು ಅಲ್ಲಿಂದಲೇ ಅಳೆದೆ. ಕಟ್ಟೆ ಎತ್ತರದ ಕಾಲಮಿನಲ್ಲಿ ಮೇಲಿನದನ್ನೇ ಕೆಳಕ್ಕೆ ಇಳಿಸಿದೆ.

ಈಗ ನಿಮಗೆ ಗೊತ್ತಾಗಿರಬೇಕು. ನನಗೆ ಒಂದು ವರ್ಷ ಗೊತ್ತಾಗಲಿಲ್ಲ. ಎರಡು ಅಡಿ ಕಲ್ಲನ್ನು ನಾನು ಪ್ರತಿ ತಿಂಗಳೂ ಎರಡು ಅಡಿ ಆಳ ಎಂದು ಬರೆಯುತ್ತಿದ್ದೆ. ಬೇಸಿಗೆಯಲ್ಲಿ ನಾಲೆ ನಿಂತು ನೀರು ಹೇಗೂ ಇಳಿಯುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅಕ್ಕನ ಬಾವಿಯಲ್ಲಿ ನೀರು ಎರಡು ಮೀಟರಿನ ಗೆರೆ ದಾಟಿ ಮೇಲೆ ಬಂದಿತ್ತು. ನನ್ನ ರಿಜಿಸ್ಟರಿನಲ್ಲಿ ಮಾತ್ರ ಅದು ಗೆರೆಯ ಕೆಳಗೆ ಆರಾಮವಾಗಿ ಮಲಗಿತ್ತು. ಆ ರಿಜಿಸ್ಟರು ನೋಡಿ ಬಸಿಗಾಲುವೆಯ ನಕ್ಷೆ ಬರೆದರು. ನಕ್ಷೆಯ ಗೆರೆ ಅಕ್ಕನ ಜಮೀನಿಗೆ ಒಂದು ಗದ್ದೆ ಮುಂಚೆ ನಿಂತಿತು.

ಆ ವರ್ಷ ಇಡ್ಲಿ ಸಾಹೇಬರು ಎಲ್ಲರನ್ನೂ ಕರೆದು ನನ್ನ ರಿಜಿಸ್ಟರು ಎತ್ತಿ ತೋರಿಸಿದರು. "ಒಂದು ಚಿತ್ತು ಇಲ್ಲ, ಒಂದು ಕಾಟು ಇಲ್ಲ. ಏಳನೇ ಕ್ಲಾಸು ಓದಿರೋನು ಬರೆದಿದ್ದು. ಡಿಗ್ರಿ ಮಾಡಿರೋರು ನೋಡಿ ಕಲೀರಿ." ನನ್ನ ಜೀವನದಲ್ಲಿ ಮೊದಲ ಸಲ ಯಾರೋ ನನ್ನ ಬರವಣಿಗೆಯನ್ನು ಹೊಗಳಿದ್ದು. ನಂಜನಗೂಡಿನಿಂದ ಊರಿಗೆ ಸೈಕಲ್ಲು ತುಳಿದದ್ದೇ ಗೊತ್ತಾಗಲಿಲ್ಲ.

ಅದಾದ ವಾರಕ್ಕೆ ಎಲ್ಲ ಬಾವಿಗಳ ಬಾಣಕ್ಕೂ ಹೊಸ ಬಣ್ಣ ಬಳಿಯಲು ಹೇಳಿದರು. ಡಬ್ಬಿ ಹಿಡಿದು ಅಕ್ಕನ ಬಾವಿಗೆ ಹೋದೆ. ಬಣ್ಣ ಚೆಲ್ಲದಂತೆ ಕುಕ್ಕರಗಾಲಿನಲ್ಲಿ ಕೂತಾಗ ಎದುರಿಗೇ, ಕಟ್ಟೆಯ ಹೊರಮೈಗೆ ಇಳಿದಿದ್ದ ಹಳೇ ಬಾಣದ ಬಾಲ ಕಂಡಿತು. ಎದ್ದು ನಿಂತರೆ ಸೊಂಟದ ಹತ್ತಿರ ಹೊಸ ಬಾಣ. ಒಂದೇ ಬಾವಿ, ಎರಡು ಬಾಣ, ಎರಡನ್ನೂ ಬರೆದವನು ಒಬ್ಬನೇ ಪುಣ್ಯಾತ್ಮ.

ಆಗಲೇ ಸೈಕಲ್ಲು ಹತ್ತಿ ಆಫೀಸಿಗೆ ಹೋಗಿದ್ದರೆ ಆಗುತ್ತಿತ್ತು. ನಕ್ಷೆ ಇನ್ನೂ ಕಾಗದದ ಮೇಲಿತ್ತು, ಸಲಿಕೆ ಬಿದ್ದಿರಲಿಲ್ಲ. ಆದರೆ ಒಂದು ವರ್ಷದ ಸಾಲುಗಳಿಗೆ ಕಾಟು ಹೊಡೆಯಬೇಕು. ಚಿತ್ತಿಲ್ಲದ ರಿಜಿಸ್ಟರು! ನಾನು ಅಕ್ಕನ ಹಿತ್ತಿಲಿನಿಂದ ಸುಣ್ಣ ಕದಡಿ ತಂದು ಕೆಳಗಿನ ಬಾಣದ ಮೇಲೆ ಎರಡು ಕೈ ಬಳಿದೆ.

"ಏನ್ಲಾ, ಅಬ್ಬಾನೂ ಇಲ್ಲ ಏನೂ ಇಲ್ಲ, ಸುಣ್ಣ ಬಳೀತಾ ಇದ್ದೀಯೆ?" ಎಂದಳು ಅಕ್ಕ.

"ಲಕ್ಷಣವಾಗಿ ಇರ್ಲಿ ಅಂತ ಕಣಕ್ಕ."

"ಎಷ್ಟದೆ ನೀರು?"

ರಿಜಿಸ್ಟರಿನಲ್ಲಿದ್ದುದನ್ನೇ ಹೇಳಿದೆ.

ಅವಳು ಸೊಂಟಕ್ಕೆ ಕೈ ಕೊಟ್ಟು ಗದ್ದೆ ಕಡೆ ನೋಡಿದಳು. "ಈ ಮಂಡಿ ಇಟ್ಕಂಡು ಇನ್ನು ಕೆಸರು ತುಳಿಯಕ್ಕಾಗಕ್ಕಿಲ್ಲ ಕಣೋ. ಭತ್ತ ಬಿಟ್ಬುಟ್ಟು ತೆಂಗು ಆಕ್ಬುಡಣ ಅಂತ. ನೀರು ಅಷ್ಟು ಕೆಳಗದೆ ಅಂದ್ರೆ ತೆಂಗು ಚೆಂದಾಗಿ ಬತ್ತದಲ್ವಾ?"

ನಾನು ಬಣ್ಣದ ಡಬ್ಬಿಯ ಮುಚ್ಚಳ ಒತ್ತುತ್ತಿದ್ದೆ. ಅದು ಕೂರುತ್ತಿರಲಿಲ್ಲ.

"ಆಕ್ಕೋ ಅಕ್ಕ" ಎಂದೆ.

ಇಪ್ಪತ್ತನಾಲ್ಕು ತೆಂಗಿನ ಸಸಿ. ಗುಂಡಿ ತೆಗೆಯಲು ನಾನೇ ಹೋಗಿದ್ದೆ. ಗುಂಡಿಯ ತಳದಲ್ಲಿ ಮಣ್ಣು ಕಪ್ಪಗೆ, ಹಾರೆಗೆ ಅಂಟಿಕೊಂಡು ಬರುತ್ತಿತ್ತು. ಬಾವಿ ತೋಡಿದವನಿಗೆ ಅದನ್ನು ಯಾರೂ ಓದಿ ಹೇಳಬೇಕಿಲ್ಲ. ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಸಸಿಗಳ ಗರಿ ಅರಿಶಿನದ ಬಣ್ಣಕ್ಕೆ ತಿರುಗಿತು. ಒಂದೊಂದಾಗಿ ಹೋದವು. ಅಕ್ಕ ಸಸಿ ಕೊಟ್ಟವನನ್ನು ಬೈದಳು.

ಈ ನಡುವೆ ನಾನು ಒಂದು ಉಪಾಯ ಹೂಡಿದ್ದೆ. ಎರಡು ಅಡಿಯನ್ನು ಒಮ್ಮೆಲೇ ಸರಿಮಾಡಿದರೆ ಸಿಕ್ಕಿಬೀಳುತ್ತೇನೆ. ತಿಂಗಳಿಗೆ ಐದೈದು ಸೆಂಟಿಮೀಟರ್ ಕದ್ದು ಕಳೆಯುತ್ತ ಹೋದರೆ ವರ್ಷಕ್ಕೆ ಲೆಕ್ಕ ನೆಟ್ಟಗಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗೇ ಮಾಡಿದೆ. ರಿಜಿಸ್ಟರು ನೆಟ್ಟಗಾಯಿತು. ಅಷ್ಟರಲ್ಲಿ ಬಸಿಗಾಲುವೆ ತೋಡಿ ಮುಗಿದಿತ್ತು. ಇಡ್ಲಿ ಸಾಹೇಬರು ನಿವೃತ್ತರಾಗಿದ್ದರು.

ಅವರ ಜಾಗಕ್ಕೆ ಬಂದವರು ಒಬ್ಬ ಮೇಡಂ. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ನೀರು ಮುಟ್ಟಿದರೆ ಕುಂಯ್ ಎನ್ನುವ ಹೊಸ ಟೇಪು ತಂದವರು ಇವರೇ. ಸೀಮೆಸುಣ್ಣ ಹೋಯಿತು. ಮೊದಮೊದಲು ಅದು ಕುಂಯ್ ಎಂದಾಗಲೆಲ್ಲ ಬಾವಿಯ ಹತ್ತಿರದ ನಾಯಿಗಳು ಊಳಿಡುತ್ತಿದ್ದವು. ಆಮೇಲೆ ಕೆಲವು ಕಡೆ ತೆರೆದ ಬಾವಿಗಳ ಬದಲು ಕೊಳವೆ ಹಾಕಿ, ಅದರೊಳಗೆ ತಾನೇ ಅಳೆದುಕೊಳ್ಳುವ ಯಂತ್ರವೂ ಬಂತು. ಆ ಯಂತ್ರಕ್ಕೆ ಅಕ್ಕ ಇರಲಿಲ್ಲ, ಅದರ ಪುಣ್ಯ.

ಮೇಡಂ ನನ್ನ ಅಂಕಿಗಳನ್ನೆಲ್ಲ ಗ್ರಾಫ್ ಹಾಳೆಗೆ ಏರಿಸಿದರು. ಒಂದು ಬೆಳಿಗ್ಗೆ ಕರೆದರು.

"ಸಿದ್ದಯ್ಯ, ಸುತ್ತ ಇರೋ ಬಾವಿಗಳೆಲ್ಲ ನಾಲೆ ಬಿಟ್ಟಾಗ ಏರ್ತವೆ, ನಿಂತಾಗ ಇಳೀತವೆ. ಈ ಒಂದು ಬಾವಿ ಅವುಗಳಿಗಿಂತ ತಿಂಗಳು ತಿಂಗಳೂ ಒಂದೊಂದು ಮೆಟ್ಟಿಲು ಹೆಚ್ಚಿಗೆ ಹತ್ತಿದೆ. ಎಲ್ಲೋ ಕಾಲುವೆ ಸೋರ್ತಾ ಇರ್ಬೇಕು. ನಡೀರಿ, ಹುಡುಕೋಣ."

ಕಾಲುವೆ ಏರಿಯ ಮೇಲೆ ಬಿಸಿಲಿನಲ್ಲಿ ಎರಡು ಮೈಲಿ ನಡೆದೆವು. ಮೇಡಂ ಪ್ರತಿ ಬಿರುಕಿಗೂ ಬಗ್ಗಿ ನೋಡುತ್ತಿದ್ದರು, ಏಡಿ ಬಿಲಕ್ಕೂ ಕಡ್ಡಿ ಹಾಕುತ್ತಿದ್ದರು. ಸೋರುತ್ತಿದ್ದವನು ನಾನು, ಹಿಂದೆ ಕೊಡೆ ಹಿಡಿದುಕೊಂಡು ನಡೆಯುತ್ತಿದ್ದೆ. ಕೊನೆಗೆ ಬಾವಿಯನ್ನೇ ನೋಡೋಣ ಎಂದರು.

ಅಕ್ಕನಿಗೆ ಸಡಗರ. ಮಜ್ಜಿಗೆ ತಂದಳು. ಮೇಡಂ ಕಟ್ಟೆಯ ಮೇಲೆ ಲೋಟ ಇಟ್ಟು, "ಕಟ್ಟೆ ಗಟ್ಟಿಮುಟ್ಟಾಗಿದೆಯಲ್ಲಮ್ಮ" ಎಂದರು. ಬಾಯಿಗೆ ಬಂದ ಮಾತು, ಅಷ್ಟೇ.

"ನನ್ ತಮ್ಮನೇ ಕಟ್ಟಿದ್ದು ಕಣವ್ವ!" ಅಕ್ಕನ ಮುಖ ಅರಳಿತು. "ಮ್ಯಾಕೆ ಬಿದ್ದೋಗಿತ್ತು ಅಂತ ಎರಡಡಿ ಎತ್ತರಿಸ್ದ. ಒಂದು ಕಲ್ಲು ಅಳ್ಳಾಡಿಲ್ಲ ನೋಡು. ಸುಣ್ಣಾನೂ ಅವನೇ ಬಳ್ದ. ಅವನ ಕೈ ಅಂದ್ರೆ ಕೈ."

ಮೇಡಂ ಮಜ್ಜಿಗೆ ಕುಡಿದು ಮುಗಿಸಿದರು. ಚೀಲದಿಂದ ಟೇಪು ತೆಗೆದು ನೆಲದಿಂದ ಕಟ್ಟೆಯ ನೆತ್ತಿಗೆ ಹಿಡಿದರು. ರಿಜಿಸ್ಟರು ತೆರೆದು ಕಟ್ಟೆ ಎತ್ತರದ ಕಾಲಮಿನ ಮೇಲಿನಿಂದ ಕೆಳಗಿನವರೆಗೆ ಬೆರಳು ಎಳೆದರು. ಅಕ್ಕನ ಮುಂದೆ ಒಂದು ಮಾತೂ ಆಡಲಿಲ್ಲ. ಜೀಪಿನ ಹತ್ತಿರ ಬಂದ ಮೇಲೆ, "ಸಿದ್ದಯ್ಯ, ಸೋರಿಕೆ ಸಿಕ್ತು" ಎಂದರು.

ಎರಡು ವರ್ಷದ ಸಾಲುಗಳನ್ನು ನನ್ನ ಕೈಯಿಂದಲೇ ಕೆಂಪು ಶಾಯಿಯಲ್ಲಿ ಹೊಡೆಸಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಸಿದರು. ಚಿತ್ತಿಲ್ಲದ ರಿಜಿಸ್ಟರು ಕುಂಕುಮದ ಭರಣಿ ಉರುಳಿದ ಹಾಗಾಯಿತು. ಬಸಿಗಾಲುವೆಯನ್ನು ಒಂದು ಗದ್ದೆ ಮುಂದಕ್ಕೆ ಒಯ್ಯಬೇಕೆಂದು ಅವರು ಕಳಿಸಿದ ಕಾಗದ ನಾನಿರುವವರೆಗೆ ತಿರುಗಿ ಬರಲಿಲ್ಲ. ಕೆಲಸದಿಂದ ತೆಗೆಯಲಿಲ್ಲ. "ನಿಮ್ಮಕ್ಕನಿಗೆ ನೀವೇ ಹೇಳಿ. ಅದು ನಾನು ಹೇಳೋದಲ್ಲ" ಎಂದರು.

ಹೇಳಲಿಲ್ಲ. ಆಮೇಲಿನ ವರ್ಷಗಳೆಲ್ಲ ಸರಿಯಾಗಿ ಅಳೆದೆ, ಸರಿಯಾದ ಅಂಕಿಯನ್ನೇ ಅಕ್ಕನಿಗೂ ಹೇಳಿದೆ. "ಅಷ್ಟು ಕೆಳಗಿದ್ದ ನೀರು ಇಷ್ಟು ಬಿರ್ನೆ ಎಂಗ್ಲಾ ಬಂತು?" ಎಂದು ಅವಳು ಕೇಳಿದಾಗ, "ನಾಲೆ ಕಣಕ್ಕ" ಎಂದೆ. ನಾಲೆಗೆ ಬಾಯಿಲ್ಲ. ಗದ್ದೆಯ ಮೂಲೆಯಲ್ಲಿ ಬಿಳಿ ಚೌಳು ವರ್ಷವರ್ಷವೂ ಒಂದು ಮಾರು ಮುಂದಕ್ಕೆ ಬರುತ್ತಿತ್ತು. ನಾನು ಆ ಮೂಲೆಗೆ ಬೆನ್ನು ಹಾಕಿ ಕೂತು ರೊಟ್ಟಿ ತಿನ್ನುತ್ತಿದ್ದೆ.

ನಿವೃತ್ತನಾದ ತಿಂಗಳು ಹಾರೆ ಹೊತ್ತು ಅವಳ ಮನೆಗೆ ಹೋದೆ. ಮಾತಿನಿಂದ ಶುರು ಮಾಡುವ ಧೈರ್ಯ ಇರಲಿಲ್ಲ. ಮೊದಲು ಬಾವಿ ಕಟ್ಟೆಯ ಮೇಲಿನ ವರಸೆ ಕಿತ್ತೆ, ಆಮೇಲೆ ಅದರ ಕೆಳಗಿನದು. ನಾನೇ ಕಟ್ಟಿದ್ದು, ಸುಲಭಕ್ಕೆ ಬರಲಿಲ್ಲ.

"ಏನ್ ಬಂದದ್ಲಾ ನಿಂಗೆ? ಮ್ಯಾಕೆ ಬಿದ್ರೆ?"

ಸುಣ್ಣ ಕೆರೆದು ಹಳೇ ಬಾಣ ತೋರಿಸಿದೆ. ಎಲ್ಲ ಹೇಳಿದೆ, ಸುಣ್ಣ ಬಳಿದದ್ದು, ಚಿತ್ತಿಲ್ಲದ ರಿಜಿಸ್ಟರು, "ಆಕ್ಕೋ ಅಕ್ಕ" ಅಂದದ್ದು. ಅವಳು ಕಿತ್ತ ಕಲ್ಲಿನ ಮೇಲೆ ಕೂತು ಕೇಳಿದಳು. ಮೇಕೆ ಬಂದು ಗಿಡ್ಡ ಕಟ್ಟೆಯನ್ನು ನೋಡಿಕೊಂಡು ಹೋಯಿತು.

"ಕಾಲಿಗೆ ಗೊತ್ತಿತ್ತು ಕಣ್ಲಾ" ಎಂದಳು ಕೊನೆಗೆ. "ಸಸಿ ನೆಡೋ ದಿನಾನೇ ನೆಲಕ್ಕಿಟ್ಟ ಇಮ್ಮಡಿ ತಣ್ಣಗಾಯ್ತಿತ್ತು. ನೀನು ಅಳೆದು ಯೋಳಿದ್ದೀಯಲ್ಲ ಅಂತ ಸುಮ್ಕಾದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನದಿಂದ ಬಸಿಗಾಲುವೆ ನಿಂತ ಜಾಗದಿಂದ ಅಕ್ಕನ ಗದ್ದೆಯವರೆಗೆ ತೋಡಲು ಶುರು ಮಾಡಿದೆ. ನಡುವಿನ ಗದ್ದೆಯವರು ಬದುವಿನ ಪಕ್ಕ ಜಾಗ ಬಿಟ್ಟರು, ಅವರದೂ ಒದ್ದೆಯೇ. ಬಾವಿಯನ್ನು ಮಲಗಿಸಿದರೆ ಕಾಲುವೆ, ಅಷ್ಟೇ ವ್ಯತ್ಯಾಸ, ಆದರೆ ಅರವತ್ತು ದಾಟಿದ ಬೆನ್ನಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಆಳುದ್ದದ ಮೇಲೆ ಒಂದು ಮೊಳ ಆಳ, ತೊಂಬತ್ತು ಹೆಜ್ಜೆ ಉದ್ದ, ಎರಡು ತಿಂಗಳು. ಮಣ್ಣಿನ ಮಂಕರಿ ಮೇಲಕ್ಕೆ ಎಳೆದುಕೊಂಡವಳು ಅಕ್ಕ. "ಬಿರ್ನೆ ತುಂಬ್ಲಾ, ಸರ್ಕಾರಿ ಕೆಲಸ ಅಲ್ಲ ಇದು" ಎನ್ನುತ್ತಿದ್ದಳು.

ಹರಿದುಹೋಗುವ ನೀರಿಗೆ ಉಪ್ಪಿನ ರುಚಿ ಇತ್ತು. ಮೂರು ತಿಂಗಳು ಬಿಟ್ಟು, ಆಫೀಸಿನಲ್ಲಿ ಯಾರಿಗೂ ಬೇಡವಾಗಿದ್ದ ಹಳೇ ಉಕ್ಕಿನ ಟೇಪಿಗೆ ಸೀಮೆಸುಣ್ಣ ಉಜ್ಜಿ, ಹಳೇ ಬಾಣದ ಮೇಲೆ ಹೆಬ್ಬೆರಳಿಟ್ಟು, "ಲಾಭ" ಎಂದು ಇಳಿಬಿಟ್ಟೆ.

"ಎಷ್ಟದ್ಲಾ?"

"ಎರಡು ಮೀಟರಿಂದ ನಾಲ್ಕು ಬೆರಳು ಕೆಳಕ್ಕೋಗದೆ ಕಣಕ್ಕ."

ಅವಳು ತಲೆಯಾಡಿಸಲಿಲ್ಲ. ಚಪ್ಪಲಿ ಕಳಚಿಟ್ಟು, ಸೀರೆ ಎತ್ತಿ ಹಿಡಿದು ಗದ್ದೆಗಿಳಿದಳು. ಚೌಳು ಕೂತಿದ್ದ ಮೂಲೆಯಲ್ಲಿ ನಿಂತು, ಹಿಮ್ಮಡಿಯನ್ನು ನೆಲಕ್ಕೆ ಊರಿ, ಅತ್ತಿತ್ತ ತಿರುಗಿಸಿ, ಸ್ವಲ್ಪ ಹೊತ್ತು ಕಾದಳು.

"ಊಂ" ಎಂದಳು. "ಬರ್ಕೋ."

ಬರೆದುಕೊಂಡೆ.